ಮರ ಕೊಯ್ಯುವ ಚಕ್ರ ಗರಗಸದ ಯಂತ್ರ: ಶಾಫ್ಟಿನಿಂದ ಶುರುಮಾಡಿ ಸುಧಾರಿಸುವ ಬಗೆ

ಹಲಗೆಯ ಅಂಚು ಕರಕಲಾಗುತ್ತದೆ, ಕೊಯ್ತ ಅಲೆಯಲೆಯಾಗಿ ಬರುತ್ತದೆ, ಗಟ್ಟಿ ಮರಕ್ಕೆ ಮೋಟರು ಏದುತ್ತದೆ. ಇಂಥ ದೂರು ಬಂದ ಕೂಡಲೇ ಎಲ್ಲರ ಕೈ ಹೋಗುವುದು ಬ್ಲೇಡಿನ ಕಡೆಗೆ. ಹೊಸ ಬ್ಲೇಡು ಹಾಕಿದರೆ ನಾಲ್ಕು ದಿನ ಚೆನ್ನಾಗಿ ಕೊಯ್ದು ಮತ್ತೆ ಹಳೆಯ ಕಥೆ. ಬ್ಲೇಡನ್ನು ಎರಡು ಬದಿಯಿಂದ ಒತ್ತಿ ಹಿಡಿಯುವ ಫ್ಲಾಂಜು ಎಂಬ ಬಿಲ್ಲೆ ವಾಲಿದ್ದರೆ, ಬ್ಲೇಡನ್ನು ತಿರುಗಿಸುವ ಶಾಫ್ಟು ಬಾಗಿದ್ದರೆ, ಬೇರಿಂಗು ಸಡಿಲವಾಗಿದ್ದರೆ ಎಷ್ಟು ಒಳ್ಳೆಯ ಬ್ಲೇಡಾದರೂ ಅಷ್ಟೇ. ಆದ್ದರಿಂದ ಸುಧಾರಣೆಗೆ ಒಂದು ಕ್ರಮ ಬೇಕು: ಮೊದಲು ಶಾಫ್ಟು ಮತ್ತು ಫ್ಲಾಂಜು, ಆಮೇಲೆ ವೇಗ, ಆಮೇಲೆ ಬ್ಲೇಡು, ಮೇಜು, ಫೆನ್ಸು (ಮರವನ್ನು ಒರಗಿಸಿ ತಳ್ಳುವ ನೇರ ಪಟ್ಟಿ) ಒಂದೇ ನೇರಕ್ಕೆ ಬರುವುದು, ಅದರ ಮೇಲೆ ರೈವಿಂಗ್ ನೈಫು (ಬ್ಲೇಡಿನ ಹಿಂದೆ ಸೀಳಿನೊಳಗೆ ನಿಲ್ಲುವ ತಟ್ಟೆ), ಗಾರ್ಡು ಮತ್ತು ಬ್ರೇಕು. ಈ ಕ್ರಮ ತಪ್ಪಿದರೆ ಒಮ್ಮೆ ಮಾಡಿದ ಕೆಲಸವನ್ನೇ ಬಿಚ್ಚಿ ಮತ್ತೆ ಮಾಡಬೇಕಾಗುತ್ತದೆ.

ಇಲ್ಲಿನ ಲೆಕ್ಕಗಳೆಲ್ಲ 400 ಮಿ.ಮೀ. ಬ್ಲೇಡಿನ, 5 ಎಚ್‌ಪಿ ಮೋಟರಿನ, ಬೆಲ್ಟಿನಿಂದ ಓಡುವ ಮೇಜು ಗರಗಸಕ್ಕೆ ಸಂಬಂಧಿಸಿದವು. ಅಳತೆ ಬೇರೆಯಾದರೂ ಲೆಕ್ಕದ ದಾರಿ ಒಂದೇ. ಬೇಕಾದ ಸಲಕರಣೆ: ಮ್ಯಾಗ್ನೆಟ್ ಸ್ಟ್ಯಾಂಡಿನ ಡಯಲ್ ಗೇಜು (ಮಿ.ಮೀ.ನ ನೂರನೇ ಪಾಲಿನ ಓಲಾಟವನ್ನೂ ಮುಳ್ಳಿನಿಂದ ತೋರಿಸುವ ಅಳತೆಗಡಿಯಾರ), ಫೀಲರ್ ಗೇಜು, ವರ್ನಿಯರ್, ಒಂದು ಮೀಟರ್ ಉದ್ದದ ನೇರ ಪಟ್ಟಿ, ಮೂಲೆಮಟ್ಟ. ಮುಟ್ಟುವ ಮೊದಲು ಮೇನ್ ಸ್ವಿಚ್ಚು ಆಫ್ ಮಾಡಿ ಬೀಗ ಹಾಕಿ. ಸ್ಟಾರ್ಟರಿನ ಗುಂಡಿ ಒತ್ತಿ ನಿಲ್ಲಿಸಿದರಷ್ಟೇ ಸಾಲದು. ಕೈ ಬ್ಲೇಡಿನ ಮೇಲಿರುವಾಗ ಬೇರೆ ಯಾರೋ ಗುಂಡಿ ಒತ್ತುವ ಅಪಾಯ ಇದ್ದೇ ಇರುತ್ತದೆ.

ಶಾಫ್ಟು ಮತ್ತು ಫ್ಲಾಂಜು

ಬ್ಲೇಡು ಬಿಚ್ಚಿ, ಶಾಫ್ಟು ಮತ್ತು ಒಳ ಫ್ಲಾಂಜನ್ನು ಬಟ್ಟೆಯಿಂದ ಒರೆಸಿ. ಅಂಟಿಕೊಂಡ ಮರದ ಗೋಂದು ಹೋಗದಿದ್ದರೆ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ತಿಕ್ಕಿ. ಎಷ್ಟೋ ಸಲ ಬ್ಲೇಡು ವಾಲುವುದಕ್ಕೆ ಫ್ಲಾಂಜಿನ ಮೇಲೆ ಒಣಗಿದ ಒಂದು ಚೂರು ಗೋಂದೇ ಕಾರಣವಾಗಿರುತ್ತದೆ.

ಡಯಲ್ ಗೇಜಿನ ತುದಿಯನ್ನು ಮೊದಲು ಶಾಫ್ಟಿನ ಮೈಮೇಲೆ, ಬ್ಲೇಡು ಕೂರುವ ಜಾಗದಲ್ಲಿ ಇಟ್ಟು ಕೈಯಿಂದ ಒಂದು ಸುತ್ತು ತಿರುಗಿಸಿ. ಮುಳ್ಳಿನ ಓಲಾಟ 0.02 ಮಿ.ಮೀ. ಒಳಗಿದ್ದರೆ ಒಳ್ಳೆಯದು, 0.05 ದಾಟಿದರೆ ಶಾಫ್ಟು ಬಾಗಿದೆ ಅಥವಾ ಬೇರಿಂಗು ಸವೆದಿದೆ. ಯಾವುದೆಂದು ತಿಳಿಯಲು ಶಾಫ್ಟನ್ನು ಕೈಯಿಂದ ಮೇಲಕ್ಕೂ ಕೆಳಕ್ಕೂ ಎತ್ತಿ ಒತ್ತಿ. ತಿರುಗಿಸದೆಯೇ ಮುಳ್ಳು ಅಲ್ಲಾಡಿದರೆ ತಪ್ಪು ಬೇರಿಂಗಿನದು.

ಆಮೇಲೆ ಗೇಜನ್ನು ಒಳ ಫ್ಲಾಂಜಿನ ಮುಖದ ಮೇಲೆ, ಆದಷ್ಟು ಹೊರ ಅಂಚಿನ ಹತ್ತಿರ ಇಡಿ. ಇಲ್ಲಿ 0.03 ಮಿ.ಮೀ. ಮೀರಬಾರದು. ಇಷ್ಟು ಕಟ್ಟುನಿಟ್ಟು ಏಕೆಂದರೆ ಫ್ಲಾಂಜಿನ ತಪ್ಪು ಹಲ್ಲಿನ ತುದಿಗೆ ಹೋಗುವಷ್ಟರಲ್ಲಿ ದೊಡ್ಡದಾಗುತ್ತದೆ. ಮಧ್ಯದಿಂದ 50 ಮಿ.ಮೀ. ದೂರದಲ್ಲಿ 0.03 ವಾಲಿದ್ದರೆ, 200 ಮಿ.ಮೀ. ದೂರದ ಹಲ್ಲಿನಲ್ಲಿ ಅದು ನಾಲ್ಕು ಪಟ್ಟು, ಅಂದರೆ 0.12. ಫ್ಲಾಂಜಿನಲ್ಲಿ 0.1 ಇದ್ದರೆ ಹಲ್ಲು 0.4 ಮಿ.ಮೀ. ಓಲಾಡುತ್ತದೆ; ಕೊಯ್ತದ ಸೀಳು ಅಷ್ಟು ಅಗಲವಾಗಿ ಮರ ಪುಡಿಯಾಗಿ ಹೋಗುತ್ತದೆ, ಪ್ರತಿ ಹಲಗೆಯನ್ನೂ ಕೀಸುಳಿ ಹಿಡಿದು ಸರಿಮಾಡಬೇಕಾಗುತ್ತದೆ.

ಈಗ ಬ್ಲೇಡು ಕೂರಿಸಿ, ಹಲ್ಲಿನ ಬುಡದಿಂದ ಸುಮಾರು 10 ಮಿ.ಮೀ. ಒಳಗೆ ಗೇಜು ಇಟ್ಟು ತಿರುಗಿಸಿ. 400 ಮಿ.ಮೀ. ಬ್ಲೇಡಿಗೆ 0.2 ಒಳಗೆ ಬಂದರೆ ಕೆಲಸ ನಡೆಯುತ್ತದೆ, 0.1 ಬಂದರೆ ಬಹಳ ಚೆನ್ನ. ಹೆಚ್ಚಿದ್ದರೆ ಉಬ್ಬಿದ ಜಾಗಕ್ಕೆ ಬ್ಲೇಡಿನ ಮೇಲೂ ಅದೇ ನೇರಕ್ಕೆ ಫ್ಲಾಂಜಿನ ಮೇಲೂ ಸೀಮೆಸುಣ್ಣದ ಗುರುತು ಹಾಕಿ. ನಟ್ಟು ಸಡಿಲಿಸಿ ಬ್ಲೇಡನ್ನು ಮಾತ್ರ ಅರ್ಧ ಸುತ್ತು ತಿರುಗಿಸಿ, ಬಿಗಿದು, ಮತ್ತೆ ಅಳೆಯಿರಿ. ಉಬ್ಬು ಬ್ಲೇಡಿನ ಗುರುತಿನ ಜೊತೆಗೇ ಬಂದರೆ ಬ್ಲೇಡು ಸೊಟ್ಟಗಿದೆ. ಫ್ಲಾಂಜಿನ ಗುರುತಿನಲ್ಲೇ ಉಳಿದರೆ ಬ್ಲೇಡು ನಿರಪರಾಧಿ. ಹೊಸ ಬ್ಲೇಡಿಗೆ ದುಡ್ಡು ಕೊಡುವ ಮೊದಲು ಹತ್ತು ನಿಮಿಷದ ಈ ಪರೀಕ್ಷೆ ಮಾಡಿಯೇ ತೀರಬೇಕು.

ಫ್ಲಾಂಜನ್ನು ಸರಿಪಡಿಸುವುದು ಲೇತಿನ ಕೆಲಸ. ಫ್ಲಾಂಜನ್ನು ಶಾಫ್ಟಿನಿಂದ ಬಿಚ್ಚಿ ಒಂದನ್ನೇ ಲೇತಿನ ಚಕ್ಕಿಗೆ (ಹಿಡಿಯುವ ದವಡೆಗೆ) ಹಿಡಿದು ಮುಖ ಹೊಡೆಸಿದರೆ, ಮತ್ತೆ ಶಾಫ್ಟಿಗೆ ಹಾಕಿದಾಗ ಹಳೆಯ ವಾಲು ಮರಳಿ ಬರಬಹುದು. ಫ್ಲಾಂಜು ಶಾಫ್ಟಿನ ಮೇಲೆ ಬಿಗಿಯಾಗಿ ಕೂತಿರುವಾಗಲೇ, ಶಾಫ್ಟನ್ನು ಎರಡು ಸೆಂಟರುಗಳ ನಡುವೆ ಹಿಡಿಸಿ, ಒಂದೇ ಹಿಡಿತದಲ್ಲಿ ಬ್ಲೇಡಿನ ಸೀಟು ಮತ್ತು ಫ್ಲಾಂಜಿನ ಮುಖ ಎರಡನ್ನೂ ಮುಗಿಸಲು ಟರ್ನರ್‌ಗೆ ಹೇಳಿ. ಆಗಲೇ ಇನ್ನೂ ಮೂರು ವಿಷಯ ಹೇಳಿಬಿಡಿ:

1. ಫ್ಲಾಂಜಿನ ವ್ಯಾಸ ಬ್ಲೇಡಿನ ಮೂರನೇ ಒಂದು ಪಾಲಿನಷ್ಟಿರಲಿ. 400ಕ್ಕೆ 130 ಮಿ.ಮೀ. ಇದು ಚಿಕ್ಕದಾದಷ್ಟೂ ಬ್ಲೇಡು ತೆಳ್ಳನೆಯ ತಟ್ಟೆಯ ಹಾಗೆ ನಡುಗುತ್ತದೆ.
2. ಒಳ, ಹೊರ ಫ್ಲಾಂಜುಗಳ ವ್ಯಾಸ ಒಂದೇ ಆಗಿರಲಿ. ಒಂದು ದೊಡ್ಡದು, ಒಂದು ಚಿಕ್ಕದಾದರೆ ನಟ್ಟು ಬಿಗಿದಾಗ ಬ್ಲೇಡು ಬೋಗುಣಿಯ ಹಾಗೆ ಬಾಗುತ್ತದೆ.
3. ಮುಖದ ಹೊರಗಿನ 15–20 ಮಿ.ಮೀ. ಉಂಗುರ ಮಾತ್ರ ಬ್ಲೇಡನ್ನು ಮುಟ್ಟುವಂತೆ, ಒಳಭಾಗವನ್ನು ಅರ್ಧ ಮಿ.ಮೀ. ತಗ್ಗಿಸಲಿ. ಆಗ ಒತ್ತಡ ಅಂಚಿನಲ್ಲಿ ಬಿದ್ದು ಹಿಡಿತ ಭದ್ರವಾಗುತ್ತದೆ.

ಬ್ಲೇಡಿನ ತೂತು ಶಾಫ್ಟಿಗಿಂತ ದೊಡ್ಡದಿದ್ದರೆ ತಗಡು ಸುತ್ತಿ ಕೂರಿಸುವ ಅಭ್ಯಾಸವನ್ನು ಬಿಡಿ. ಬ್ಲೇಡು ಮಧ್ಯ ತಪ್ಪಿ ಕೂತು, ನಾಲ್ಕಾರು ಹಲ್ಲುಗಳೇ ಎಲ್ಲ ಕೆಲಸ ಮಾಡಿ ಬೇಗ ಮೊಂಡಾಗುತ್ತವೆ. ಲೇತಿನಲ್ಲಿ ಮಾಡಿದ ಉಂಗುರ ಬೇಕು, ಅದರ ದಪ್ಪ ಬ್ಲೇಡಿನ ತಟ್ಟೆಗಿಂತ ಸ್ವಲ್ಪ ಕಡಿಮೆ ಇರಬೇಕು. ದಪ್ಪವಾದರೆ ಫ್ಲಾಂಜು ಹಿಡಿಯುವುದು ಉಂಗುರವನ್ನು, ಬ್ಲೇಡನ್ನಲ್ಲ.

ಶಾಫ್ಟನ್ನೇ ಹೊಸದಾಗಿ ಮಾಡಿಸುವುದಾದರೆ ದಪ್ಪದಲ್ಲಿ ಕಂಜೂಸು ಮಾಡಬೇಡಿ. ಶಾಫ್ಟಿನ ಬಿಗುವು ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ: 25 ಮಿ.ಮೀ. ಬದಲು 35 ಹಾಕಿದರೆ ಸುಮಾರು 3.8 ಪಟ್ಟು ಗಟ್ಟಿ. ಬೇರಿಂಗಿನಿಂದ ಹೊರಗೆ ಚಾಚಿಕೊಂಡ ಉದ್ದ ಇದಕ್ಕೆ ವಿರುದ್ಧ. ಬ್ಲೇಡು ಬೇರಿಂಗಿನಿಂದ 100 ಮಿ.ಮೀ. ದೂರವಿದ್ದದ್ದನ್ನು 70ಕ್ಕೆ ತಂದರೆ ಆ ಚಾಚು ಬಾಗುವುದು ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಎಷ್ಟೋ ಯಂತ್ರಗಳಲ್ಲಿ ಬೇರಿಂಗಿನ ಪೆಟ್ಟಿಗೆಯನ್ನು ಬ್ಲೇಡಿನ ಕಡೆಗೆ ಸರಿಸಿ ಹೊಸ ತೂತು ಕೊರೆದರೆ ಸಾಕು, ಖರ್ಚೇ ಇಲ್ಲದೆ ಅರ್ಧ ನಡುಕ ನಿಲ್ಲುತ್ತದೆ.

ಬೇರಿಂಗುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಗ್ರಬ್ ಸ್ಕ್ರೂ (ಶಾಫ್ಟಿಗೆ ಒತ್ತಿ ನಿಲ್ಲುವ ತಲೆಯಿಲ್ಲದ ಸ್ಕ್ರೂ) ಇರುವ ಪೆಡೆಸ್ಟಲ್ ಬೇರಿಂಗು, ಅಂದರೆ ಪೆಟ್ಟಿಗೆಯೊಳಗೆ ಕೂತು ಫ್ರೇಮಿಗೆ ಬೋಲ್ಟಾಗುವ ಬೇರಿಂಗು. ನಡುಕಕ್ಕೆ ಸ್ಕ್ರೂ ಸಡಿಲವಾಗಿ, ಶಾಫ್ಟು ಬೇರಿಂಗಿನ ಒಳಗೇ ತಿರುಗಿ, ಶಾಫ್ಟಿಗೆ ಗೀರು ಬೀಳುತ್ತದೆ. ಅಡಾಪ್ಟರ್ ಸ್ಲೀವ್ (ಬಿಗಿದಾಗ ಶಾಫ್ಟನ್ನು ಅವುಚುವ ಸೀಳಿದ ಕೊಳವೆ) ಇರುವ ಬೇರಿಂಗು ಶಾಫ್ಟನ್ನು ಸುತ್ತಲೂ ಸಮನಾಗಿ ಹಿಡಿಯುತ್ತದೆ, ಅದೇ ವಾಸಿ. ಬ್ಲೇಡಿನ ಕಡೆಯ ಬೇರಿಂಗನ್ನು ಅಲುಗದಂತೆ ನಿಲ್ಲಿಸಿ, ಪುಲ್ಲಿಯ ಕಡೆಯದಕ್ಕೆ ಉದ್ದಕ್ಕೆ ಕೊಂಚ ಸರಿಯಲು ಜಾಗ ಬಿಡಿ. ಶಾಫ್ಟು ಬಿಸಿಯಾಗಿ ಹಿಗ್ಗಿದಾಗ ಎರಡೂ ಬಿಗಿಯಾಗಿದ್ದರೆ ಬೇರಿಂಗು ಸುಡುತ್ತದೆ. ಗ್ರೀಸು ಒಳಗಿನ ಖಾಲಿ ಜಾಗದ ಮೂರನೇ ಒಂದರಿಂದ ಅರ್ಧದಷ್ಟು ಸಾಕು. ತುಂಬಿ ತುಳುಕುವಷ್ಟು ಹಾಕಿದರೆ ಅದೇ ಕಲಸಿಕೊಂಡು ಕಾವೇರುತ್ತದೆ.

ವೇಗದ ಲೆಕ್ಕ

ಮರ ಕೊಯ್ಯುವ ಗರಗಸದಲ್ಲಿ ನೋಡಬೇಕಾದದ್ದು ಸುತ್ತುಗಳ ಸಂಖ್ಯೆಗಿಂತ ಹಲ್ಲಿನ ತುದಿಯ ಓಟ. ಕಾರ್ಬೈಡ್ ತುದಿಯ ಬ್ಲೇಡಿಗೆ ಸೆಕೆಂಡಿಗೆ 50–70 ಮೀಟರ್, ಬರೀ ಉಕ್ಕಿನ ಬ್ಲೇಡಿಗೆ 40–50 ಮೀಟರ್ ಸೂಕ್ತ. ಲೆಕ್ಕ ಹೀಗೆ: ವ್ಯಾಸವನ್ನು ಮೀಟರಿನಲ್ಲಿ ಬರೆದು 3.14ರಿಂದ ಗುಣಿಸಿ, ನಿಮಿಷದ ಸುತ್ತಿನಿಂದ ಗುಣಿಸಿ, 60ರಿಂದ ಭಾಗಿಸಿ.

50 ಹರ್ಟ್ಸ್‌ನಲ್ಲಿ ನಾಲ್ಕು ಪೋಲಿನ ಮೋಟರು ನಿಮಿಷಕ್ಕೆ ಸುಮಾರು 1440 ಸುತ್ತು ತಿರುಗುತ್ತದೆ. ಅದಕ್ಕೇ ನೇರವಾಗಿ 300 ಮಿ.ಮೀ. ಬ್ಲೇಡು ಹಾಕಿದರೆ ಹಲ್ಲಿನ ಓಟ 22.6 ಮೀಟರ್ ಮಾತ್ರ. ಆಗ ಒಂದೊಂದು ಹಲ್ಲೂ ದೊಡ್ಡ ತುತ್ತು ತೆಗೆದುಕೊಂಡು ಮರವನ್ನು ಎಳೆದಾಡುತ್ತದೆ, ಕೊಯ್ತ ತರಿತರಿಯಾಗುತ್ತದೆ. ನಮ್ಮ 400 ಮಿ.ಮೀ. ಬ್ಲೇಡಿಗೆ ಮೋಟರಿಗೆ 225 ಮಿ.ಮೀ. ಪುಲ್ಲಿ, ಶಾಫ್ಟಿಗೆ 125 ಮಿ.ಮೀ. ಪುಲ್ಲಿ ಹಾಕಿ. 225ನ್ನು 1440ರಿಂದ ಗುಣಿಸಿ 125ರಿಂದ ಭಾಗಿಸಿದರೆ 2592 ಸುತ್ತು. ಬೆಲ್ಟು ಜಾರುವುದಕ್ಕೆ ಶೇಕಡಾ 2 ಕಳೆದರೆ ಸುಮಾರು 2540. ಹಲ್ಲಿನ ಓಟ 53 ಮೀಟರ್. ಇದು ನೆಮ್ಮದಿಯ ವೇಗ. ಬ್ಲೇಡಿನ ಮೇಲೆ ಕೊರೆದಿರುವ ಗರಿಷ್ಠ ಸುತ್ತನ್ನು ಯಾವ ಕಾರಣಕ್ಕೂ ದಾಟಬೇಡಿ. ಪುಲ್ಲಿ ಬದಲಿಸಿದಾಗಲೆಲ್ಲ ಆ ಅಂಕಿ ನೋಡಿ.

5 ಎಚ್‌ಪಿಗೆ ಬಿ ಸೆಕ್ಷನ್ನಿನ (ಬೆಲ್ಟಿನ ಅಗಲ, ದಪ್ಪದ ಒಂದು ಅಳತೆ) ಎರಡು ವಿ ಬೆಲ್ಟು ಸಾಕು. ಶಾಫ್ಟಿನ ಪುಲ್ಲಿಯನ್ನು 125ಕ್ಕಿಂತ ಚಿಕ್ಕದು ಮಾಡಬೇಡಿ, ಬಿ ಬೆಲ್ಟು ಅಷ್ಟು ಬಿಗಿಯಾಗಿ ಬಾಗಿದರೆ ಬೇಗ ಸೀಳುತ್ತದೆ. ಎರಡು ಬೆಲ್ಟೂ ಒಟ್ಟಿಗೆ ಹೊಸದಾಗಿರಲಿ: ಒಂದು ಹಳೆಯದು, ಒಂದು ಹೊಸದು ಹಾಕಿದರೆ ಭಾರವೆಲ್ಲ ಹೊಸದರ ಮೇಲೆ. ಪುಲ್ಲಿಗಳ ನೇರ ನೋಡಲು ಎರಡರ ಮುಖಕ್ಕೂ ತಾಗುವಂತೆ ದಾರ ಎಳೆದು ಹಿಡಿಯಿರಿ. ನಾಲ್ಕು ಕಡೆಯೂ ಮುಟ್ಟಬೇಕು. ಬಿಗಿತಕ್ಕೆ, ಎರಡು ಪುಲ್ಲಿಗಳ ನಡುವೆ ಬೆಲ್ಟು ಮುಟ್ಟದೆ ಹಾಯುವ ಉದ್ದ 600 ಮಿ.ಮೀ. ಇದ್ದರೆ, ಮಧ್ಯದಲ್ಲಿ ಬೆರಳಿನಿಂದ ಗಟ್ಟಿಯಾಗಿ ಒತ್ತಿದಾಗ ಸುಮಾರು 10 ಮಿ.ಮೀ. ತಗ್ಗಬೇಕು.

ಹಲ್ಲಿನ ಸಂಖ್ಯೆಯೂ ಇದೇ ಲೆಕ್ಕಕ್ಕೆ ಸೇರಿದ್ದು. ಹಲ್ಲು ಹೆಚ್ಚಿದ್ದಷ್ಟೂ ಕೊಯ್ತ ನುಣುಪು ಎಂದುಕೊಂಡು ಉದ್ದ ಸೀಳುವುದಕ್ಕೂ 60 ಹಲ್ಲಿನ ಬ್ಲೇಡು ಹಾಕುವವರಿದ್ದಾರೆ. ನಿಮಿಷಕ್ಕೆ 6 ಮೀಟರ್ ಮರ ತಳ್ಳಿದರೆ, 2540 ಸುತ್ತಿನಲ್ಲಿ 24 ಹಲ್ಲಿನ ಬ್ಲೇಡಿನ ಒಂದೊಂದು ಹಲ್ಲು ಸುಮಾರು 0.1 ಮಿ.ಮೀ. ಮರ ತೆಗೆಯುತ್ತದೆ. ಅದೇ 60 ಹಲ್ಲಿದ್ದರೆ 0.04. ಅಷ್ಟು ತೆಳುವಾದಾಗ ಹಲ್ಲು ಕತ್ತರಿಸುವುದಿಲ್ಲ, ಉಜ್ಜುತ್ತದೆ. ಪುಡಿ ನುಣ್ಣಗಾಗಿ ಹಲ್ಲಿನ ಸಂದಿನಲ್ಲಿ ಕಟ್ಟಿಕೊಂಡು ಮರ ಕರಕಲಾಗುತ್ತದೆ. ಕೈಯಿಂದ ತಳ್ಳಿ ಉದ್ದ ಸೀಳಲು 24ರಿಂದ 32 ಹಲ್ಲು, ಹಲ್ಲಿನ ಮುಂಬಾಗು 18–20 ಡಿಗ್ರಿ. ಅಡ್ಡ ಕೊಯ್ಯಲು 60ಕ್ಕೂ ಹೆಚ್ಚು ಹಲ್ಲು, ಮುಂಬಾಗು 5–10 ಡಿಗ್ರಿ. ಎರಡಕ್ಕೂ ಒಂದೇ ಬ್ಲೇಡು ಎಂಬ ಉಳಿತಾಯ ನಿಜವಾದ ಉಳಿತಾಯವಲ್ಲ.

ಬರೀ ಉಕ್ಕಿನ ದೊಡ್ಡ ಬ್ಲೇಡುಗಳದು ಬೇರೆಯೇ ಸಂಗತಿ. ಓಡುವಾಗ ಅಂಚು ಬಿಸಿಯಾಗಿ ಹಿಗ್ಗುತ್ತದೆ, ವೇಗಕ್ಕೆ ಹೊರಕ್ಕೂ ಎಳೆಯಲ್ಪಡುತ್ತದೆ. ಅದಕ್ಕೆ ಜಾಗ ಕೊಡಲೆಂದು ಬ್ಲೇಡಿನ ಒಳಭಾಗವನ್ನು ಸುತ್ತಿಗೆಯಿಂದ ಬಡಿದು ಸ್ವಲ್ಪ ಸಡಿಲಿಸಿರುತ್ತಾರೆ. ನಿಂತಿರುವಾಗ ಸಡಿಲವಾಗಿ ಕಂಡರೂ ತನ್ನ ವೇಗಕ್ಕೆ ಬಂದಾಗ ನೆಟ್ಟಗಾಗುತ್ತದೆ. ಯಂತ್ರದ ವೇಗ ಬದಲಿಸಿದರೆ ಆ ಬಡಿತವೂ ಬದಲಾಗಬೇಕು. ಅದು ಅನುಭವಿ ಕೈಗಳ ಕೆಲಸ, ಸುಮ್ಮನೆ ಸುತ್ತಿಗೆ ಎತ್ತಬೇಡಿ.

ಬ್ಲೇಡು, ಮೇಜು, ಫೆನ್ಸು ಒಂದೇ ನೇರಕ್ಕೆ

ಬ್ಲೇಡಿನ ಒಂದು ಹಲ್ಲಿಗೆ ಗುರುತು ಹಾಕಿ. ಆ ಹಲ್ಲನ್ನು ಮೇಜಿನ ಮುಂಬದಿಗೆ ತಂದು, ಮೇಜಿನ ಗಾಡಿಯಿಂದ ಅಥವಾ ಗೈಡು ಜಾರುವ ಓಣಿಯಿಂದ ಎಷ್ಟು ದೂರವಿದೆ ಅಳೆಯಿರಿ. ಅದೇ ಹಲ್ಲನ್ನು ಹಿಂಬದಿಗೆ ತಿರುಗಿಸಿ ಮತ್ತೆ ಅಳೆಯಿರಿ. ಬೇರೆ ಬೇರೆ ಹಲ್ಲು ಅಳೆದರೆ ಬ್ಲೇಡಿನ ಸೊಟ್ಟೂ ಲೆಕ್ಕದಲ್ಲಿ ಸೇರಿ ದಾರಿ ತಪ್ಪಿಸುತ್ತದೆ. ಎರಡರ ಅಂತರ 0.1 ಮಿ.ಮೀ. ಒಳಗಿರಲಿ.

ಹೆಚ್ಚಿದ್ದರೆ ಮೇಜನ್ನಾದರೂ ಸರಿಸಬಹುದು, ಶಾಫ್ಟನ್ನಾದರೂ. ಶಾಫ್ಟನ್ನು ಸರಿಸುವುದಾದರೆ ಎಷ್ಟು ಎಂಬುದು ಅಂದಾಜಿನ ಮಾತಾಗಬಾರದು. ಅಳೆದ ಎರಡು ಜಾಗಗಳ ನಡುವೆ 300 ಮಿ.ಮೀ. ಇದ್ದು 0.6 ವ್ಯತ್ಯಾಸ ಕಂಡಿದೆ, ಬೇರಿಂಗುಗಳ ನಡುವೆ 400 ಮಿ.ಮೀ. ಇದೆ ಎಂದುಕೊಳ್ಳಿ. 0.6ನ್ನು 400ರಿಂದ ಗುಣಿಸಿ 300ರಿಂದ ಭಾಗಿಸಿದರೆ 0.8: ಪುಲ್ಲಿ ಕಡೆಯ ಬೇರಿಂಗನ್ನು ಮರ ಸಾಗುವ ದಿಕ್ಕಿನಲ್ಲಿ ಅಥವಾ ಅದಕ್ಕೆ ಎದುರಾಗಿ ಅಷ್ಟು ಸರಿಸಬೇಕು. ಸುತ್ತಿಗೆಯಿಂದ ತಟ್ಟಿ 0.8 ಸರಿಸುವುದು ಆಗದ ಮಾತು. ಬೇರಿಂಗಿನ ಪೆಟ್ಟಿಗೆಯ ಎರಡೂ ಬದಿಗೆ ಫ್ರೇಮಿನ ಮೇಲೆ ಕಬ್ಬಿಣದ ಚಿಕ್ಕ ತುಂಡನ್ನು ವೆಲ್ಡ್ ಮಾಡಿಸಿ, ಅದಕ್ಕೆ ಥ್ರೆಡ್ ಹಾಕಿ 10 ಮಿ.ಮೀ. ಬೋಲ್ಟು ಕೂರಿಸಿ. ಆ ಬೋಲ್ಟಿನ ಪಿಚ್ಚು 1.5 ಮಿ.ಮೀ., ಅರ್ಧ ಸುತ್ತಿಗಿಂತ ಕೊಂಚ ಹೆಚ್ಚು ತಿರುಗಿಸಿದರೆ 0.8 ಸರಿಯುತ್ತದೆ, ಆಮೇಲೆ ಅದೇ ಬೋಲ್ಟು ಪೆಟ್ಟಿಗೆ ಮತ್ತೆ ಜರುಗದಂತೆ ತಡೆಯುತ್ತದೆ. ವೆಲ್ಡ್ ಮಾಡುವಾಗ ಅರ್ತಿಂಗ್ ಕ್ಲಾಂಪನ್ನು ವೆಲ್ಡಿನ ಪಕ್ಕದಲ್ಲೇ ಫ್ರೇಮಿಗೆ ಹಾಕಿ, ಕರೆಂಟು ಬೇರಿಂಗಿನೊಳಗೆ ಹಾಯ್ದರೆ ಅದರ ಗುಂಡುಗಳು ಹಾಳು. ಕೊನೆಗೆ ಪುಲ್ಲಿಗಳ ನೇರವನ್ನು ಇನ್ನೊಮ್ಮೆ ನೋಡಿ.

ಫೆನ್ಸು ಬ್ಲೇಡಿಗೆ ಸಮಾನಾಂತರವಾಗಿರಬೇಕು, ಇಲ್ಲವೇ ಹಿಂಬದಿಯಲ್ಲಿ 0.1–0.2 ಮಿ.ಮೀ. ದೂರ ಸರಿದಿರಬೇಕು. ಹಿಂಬದಿಯಲ್ಲಿ ಹತ್ತಿರ ಬಂದರೆ ಮರ ಫೆನ್ಸಿಗೂ ಬ್ಲೇಡಿಗೂ ನಡುವೆ ಇರುಕಿ, ಮೇಲೇಳುವ ಹಿಂಬದಿಯ ಹಲ್ಲುಗಳು ಅದನ್ನು ಎತ್ತಿ ಕೆಲಸಗಾರನ ಕಡೆಗೆ ಸಿಡಿಸುತ್ತವೆ. ಗಟ್ಟಿ ಮರ ಉದ್ದ ಸೀಳುವಾಗ ಇನ್ನೊಂದು ತೊಡಕು ಇದೆ: ಮರದೊಳಗೆ ಅಡಗಿದ್ದ ಬಿಗಿತ ಸೀಳಿದ ಕೂಡಲೇ ಬಿಚ್ಚಿಕೊಂಡು ಹಲಗೆ ಬಿಲ್ಲಾಗುತ್ತದೆ. ಉದ್ದಕ್ಕೂ ಫೆನ್ಸಿದ್ದರೆ ಬಾಗಿದ ಹಲಗೆ ಬ್ಲೇಡಿನ ಮೇಲೇ ಒರಗುತ್ತದೆ. ಅದಕ್ಕೆ ಫೆನ್ಸಿಗೆ ಒಂದು ಗಿಡ್ಡ ಮರದ ಮುಖ ಬೋಲ್ಟು ಮಾಡಿ. ಅದರ ಹಿಂತುದಿ ಮೇಜಿನ ಮಟ್ಟದಲ್ಲಿ ಮುಂಬದಿಯ ಹಲ್ಲುಗಳ ಬುಡದ ನೇರಕ್ಕೆ, ಹೆಚ್ಚೆಂದರೆ ಬ್ಲೇಡಿನ ನಡುವಿನವರೆಗೆ ನಿಲ್ಲಲಿ. ಪ್ಲೈವುಡ್ಡಿಗೆ ಈ ತೊಂದರೆ ಇಲ್ಲ, ಪೂರ್ತಿ ಉದ್ದದ ಫೆನ್ಸು ನಡೆಯುತ್ತದೆ.

ಬ್ಲೇಡು ಹಾಯುವ ಬಾಯಿ ಸವೆದು ಅಗಲವಾಗಿದ್ದರೆ ಗಟ್ಟಿ ಮರದ ಪಟ್ಟಿಯನ್ನು ಅಲ್ಲಿ ಮೇಜಿಗೆ ಸಮನಾಗಿ ಕೂರಿಸಿ, ಬ್ಲೇಡಿನಿಂದಲೇ ಸೀಳು ಹಾಕಿಸಿಕೊಳ್ಳಿ. ತೆಳ್ಳನೆಯ ರೀಪು ಕೆಳಗೆ ಜಾರಿ ಸಿಕ್ಕಿಕೊಳ್ಳುವುದು ತಪ್ಪುತ್ತದೆ.

ರೈವಿಂಗ್ ನೈಫು

ಹಳೆಯ ಯಂತ್ರಗಳಿಗೆ ಮಾಡಬಹುದಾದ ಸುಧಾರಣೆಗಳಲ್ಲಿ ಒಂದನ್ನೇ ಮಾಡಲು ಸಾಧ್ಯ ಎಂದಾದರೆ, ಇದನ್ನೇ ಮಾಡಿ. ಬ್ಲೇಡಿನ ಬೆನ್ನಿಗೆ, ಕೊಯ್ದ ಸೀಳಿನೊಳಗೆ ನಿಲ್ಲುವ ಉಕ್ಕಿನ ತಟ್ಟೆ ಅದು. ಸೀಳು ಮುಚ್ಚಿಕೊಂಡು ಬ್ಲೇಡನ್ನು ಹಿಡಿಯದಂತೆ ತಡೆಯುತ್ತದೆ. ಮರ ಹಿಂದಕ್ಕೆ ಒದೆಯುವ ಅಪಘಾತಕ್ಕೆ ಮುಖ್ಯ ಕಾರಣವೇ ಆ ಹಿಡಿತ.

ದಪ್ಪದಲ್ಲಿ ತಪ್ಪುವುದು ಹೆಚ್ಚು. ನೈಫು ಬ್ಲೇಡಿನ ತಟ್ಟೆಗಿಂತ ದಪ್ಪ, ಕೊಯ್ತದ ಸೀಳಿಗಿಂತ ತೆಳು ಇರಬೇಕು. ತಟ್ಟೆ 2.5, ಹಲ್ಲಿನ ಅಗಲ 3.5 ಮಿ.ಮೀ. ಇದ್ದರೆ ನೈಫು 2.8ರಿಂದ 3 ಮಿ.ಮೀ. ತಟ್ಟೆಯಷ್ಟೇ ದಪ್ಪವಾದರೆ ಇದ್ದೂ ಇಲ್ಲದಂತೆ; 3.5 ಆದರೆ ಮರ ಅಲ್ಲೇ ಸಿಕ್ಕಿಕೊಂಡು, ಕೆಲಸಗಾರ ಸಿಟ್ಟಿನಿಂದ ಅದನ್ನು ಬಿಚ್ಚಿ ಮೂಲೆಗೆ ಎಸೆಯುತ್ತಾನೆ. ಅಲ್ಯೂಮಿನಿಯಂ ಬೇಡ, ಸುಲಭವಾಗಿ ಬಾಗದ ಉಕ್ಕಿನ ತಟ್ಟೆ ಬೇಕು.

ಒಳ ಅಂಚನ್ನು ಬ್ಲೇಡಿನ ದುಂಡಿಗೆ ಹೊಂದುವಂತೆ ಕತ್ತರಿಸಿ: 400 ಮಿ.ಮೀ. ಬ್ಲೇಡಿಗೆ 205 ಮಿ.ಮೀ. ತ್ರಿಜ್ಯ ಎಳೆದರೆ ಹಲ್ಲಿಗೂ ನೈಫಿಗೂ 5 ಮಿ.ಮೀ. ಅಂತರ ಉಳಿಯುತ್ತದೆ. ಈ ಅಂತರ 3ರಿಂದ 8ರೊಳಗೆ ಇರಲಿ. ಮೇಲ್ತುದಿ ಬ್ಲೇಡಿನ ನೆತ್ತಿಗಿಂತ ತುಸು ಕೆಳಗೆ. ಬಹಳ ಗಿಡ್ಡವಾದರೆ ದಪ್ಪ ಮರದಲ್ಲಿ ಕೆಲಸಕ್ಕೆ ಬಾರದು. ಮರ ಮೊದಲು ತಾಗುವ ಅಂಚಿನ ಎರಡೂ ಬದಿಯನ್ನು ಅರದಿಂದ ಚೂರು ಇಳಿಜಾರು ಮಾಡಿ.

ಬ್ಲೇಡು ಏರಿ ಇಳಿಯುವ ಯಂತ್ರವಾದರೆ ನೈಫಿನ ಬ್ರಾಕೆಟ್ಟು ಶಾಫ್ಟಿನ ಜೊತೆಗೇ ಏರಿಳಿಯುವ ಭಾಗಕ್ಕೆ ಕೂರಬೇಕು, ಇಲ್ಲದಿದ್ದರೆ ಪ್ರತಿ ಸಲ ಅಂತರ ಬದಲಾಗುತ್ತದೆ. ಮೇಜು ಏರಿಳಿಯುವುದಾದರೆ ಫ್ರೇಮಿಗೆ ಬೋಲ್ಟು ಮಾಡಿದರಾಯಿತು. ಎರಡು ಬೋಲ್ಟು, ಉದ್ದನೆಯ ತೂತು, ಹಿಂದೆ ದಪ್ಪ ಪಟ್ಟಿ. ಒಂದೇ ಬೋಲ್ಟಿನಲ್ಲಿ ನಿಲ್ಲಿಸಿದ ನೈಫು ತಿರುಗಿ ಬ್ಲೇಡಿಗೇ ತಾಗಬಹುದು. ಕೂರಿಸಿದ ಮೇಲೆ ಬ್ಲೇಡಿನ ತಟ್ಟೆಗೆ ನೇರ ಪಟ್ಟಿ ಒತ್ತಿ ಹಿಂದಕ್ಕೆ ಚಾಚಿ, ನೈಫು ಆ ಬದಿಗೂ ಈ ಬದಿಗೂ ಸಮನಾಗಿ ಹೊರಚಾಚಿದೆಯೇ ನೋಡಿ. ಬ್ರಾಕೆಟ್ಟಿನ ಹಿಂದೆ ತೆಳು ತಗಡು ಕೊಟ್ಟು ಸರಿಮಾಡಿ.

ಗಾರ್ಡು, ಬ್ರೇಕು, ಸ್ಟಾರ್ಟರು

ಬ್ಲೇಡಿನ ಮೇಲಿನ ಗಾರ್ಡು ಕೊಯ್ಯುವ ಮರಕ್ಕೆ ಆದಷ್ಟು ಹತ್ತಿರ ಇಳಿಯುವಂತೆ, ಸ್ಪ್ಯಾನರ್ ಬೇಕಿಲ್ಲದೆ ಕೈಯಿಂದಲೇ ಏರಿಸಿ ಇಳಿಸುವಂತೆ ಇರಬೇಕು. ತೊಡಕಿನ ಗಾರ್ಡು ಗೋಡೆಯ ಮೊಳೆಗೆ ನೇತಾಡುತ್ತದೆ. ಮೇಜಿನ ಕೆಳಗಿನ ಬ್ಲೇಡನ್ನೂ ಬೆಲ್ಟನ್ನೂ ತಗಡಿನಿಂದ ಮುಚ್ಚಿ. ಕೊಯ್ತದ ಕೊನೆಯ 300 ಮಿ.ಮೀ.ಗೆ ಕೈ ಬದಲು ಕನಿಷ್ಠ 450 ಮಿ.ಮೀ. ಉದ್ದದ ತಳ್ಳುಕೋಲು; ಅದಕ್ಕೆ ಯಂತ್ರದ ಮೇಲೇ ಕೈಗೆಟಕುವ ಕೊಕ್ಕೆ ಹಾಕಿ. ಹಿಂದೆ ನಿಂತು ಹಲಗೆ ಎಳೆದುಕೊಳ್ಳುವವರಿದ್ದರೆ ಮೇಜನ್ನು ಬ್ಲೇಡಿನಿಂದ 1200 ಮಿ.ಮೀ. ಹಿಂದಕ್ಕೆ ಚಾಚಿಸಿ, ಅವರ ಕೈ ಬ್ಲೇಡಿಗೆ ಎಟಕದಿರಲಿ.

ಸ್ವಿಚ್ಚು ಆಫ್ ಮಾಡಿದ ಮೇಲೂ ಬಹಳ ಹೊತ್ತು ಸದ್ದಿಲ್ಲದೆ ತಿರುಗುವ ಬ್ಲೇಡು ಅಪಾಯಕಾರಿ. ಮೋಟರಿಗೆ ಡಿಸಿ ಬ್ರೇಕು (ಡಿಸಿ ಕರೆಂಟು ಹಾಯಿಸಿ ಮೋಟರನ್ನು ತಡೆಯುವ ಬ್ರೇಕು) ಹಾಕಿಸಿ 10 ಸೆಕೆಂಡಿನೊಳಗೆ ನಿಲ್ಲುವಂತೆ ಮಾಡಬಹುದು. ಆದರೆ ಅದಕ್ಕೂ ಮೊದಲು ನಟ್ಟಿನ ಕಡೆ ನೋಡಿ. ನಟ್ಟು ಬಿಗಿಯುವ ದಿಕ್ಕು ಬ್ಲೇಡು ತಿರುಗುವ ದಿಕ್ಕಿಗೆ ವಿರುದ್ಧವಾಗಿರುವುದು ಸರಿಯಾದ ಕ್ರಮ. ಓಟ ಶುರುವಾದಾಗ ಅದು ತಾನೇ ಬಿಗಿಯುತ್ತದೆ. ಬ್ರೇಕು ಬಿದ್ದಾಗ ಮಾತ್ರ ಶಾಫ್ಟು ನಿಧಾನಿಸಿ, ಬ್ಲೇಡೂ ಹೊರ ಫ್ಲಾಂಜೂ ತಮ್ಮ ವೇಗಕ್ಕೆ ಮುಂದೆ ಹೋಗಿ ನಟ್ಟನ್ನು ಬಿಚ್ಚುತ್ತವೆ. ಹೊರ ಫ್ಲಾಂಜು ಶಾಫ್ಟಿನ ಮೇಲೆ ತಿರುಗದಂತೆ ಚಾವಿ ಅಥವಾ ಪಿನ್ನು ಕೊಡದೆ ಬ್ರೇಕು ಹಾಕಿಸಬೇಡಿ.

ಸ್ಟಾರ್ಟರಿನಲ್ಲಿ ನೋ ವೋಲ್ಟ್ ಕಾಯಿಲ್ ಇರಲೇಬೇಕು: ಕರೆಂಟು ಹೋಗಿ ಬಂದಾಗ ಯಂತ್ರ ತಾನಾಗಿ ಓಡಕೂಡದು. ಮೋಟರು ಹೆಚ್ಚು ಕರೆಂಟು ಎಳೆದರೆ ಅದನ್ನು ನಿಲ್ಲಿಸುವ ಓವರ್‌ಲೋಡ್ ರಿಲೇಯನ್ನು ಮೋಟರಿನ ಫಲಕದಲ್ಲಿರುವ ಆಂಪಿಯರಿಗೆ ಹೊಂದಿಸಿ. ಮತ್ತೆ ಮತ್ತೆ ಟ್ರಿಪ್ಪಾದರೆ ರಿಲೇ ಏರಿಸಬೇಡಿ, ಹಲ್ಲು ಮೊಂಡಾಗಿದೆಯೇ ನೋಡಿ.

ಹೊಟ್ಟು ಮತ್ತು ಧೂಳು

ಬ್ಲೇಡಿನ ಕೆಳಗೆ ಇಳಿಜಾರು ತಗಡಿನ ಕೊಪ್ಪರಿಗೆ ಮಾಡಿ, ಅದರ ಬಾಯಿಗೆ 125 ಮಿ.ಮೀ. ಪೈಪು ಜೋಡಿಸಿ. ಹೊಟ್ಟು ಪೈಪಿನಲ್ಲಿ ಕೂರದೆ ಸಾಗಲು ಗಾಳಿ ಸೆಕೆಂಡಿಗೆ 20 ಮೀಟರ್ ಓಡಬೇಕು. ಈ ಪೈಪಿಗೆ ಅದು ಗಂಟೆಗೆ ಸುಮಾರು 880 ಘನ ಮೀಟರ್ ಗಾಳಿ. ಬ್ಲೋವರ್ ಆರಿಸುವಾಗ ಈ ಅಂಕಿ ಕೇಳಿ. ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ, ಆದ್ದರಿಂದ ಇದು ನೆಲ ಗುಡಿಸುವ ಶ್ರಮ ಉಳಿಸುವ ಮಾತಷ್ಟೇ ಅಲ್ಲ. ಮೋಟರು ಪೂರ್ತಿ ಮುಚ್ಚಿದ, ಹೊರಗೆ ಫ್ಯಾನಿರುವ ಬಗೆಯದಾಗಿರಲಿ.

ಮೊದಲ ಓಟ

ಬೀಗ ತೆಗೆಯುವ ಮೊದಲು ಬ್ಲೇಡನ್ನು ಕೈಯಿಂದ ಎರಡು ಸುತ್ತು ತಿರುಗಿಸಿ. ನೈಫಿಗಾಗಲಿ ಬಾಯಿಪಟ್ಟಿಗಾಗಲಿ ತಾಗುವ ಸದ್ದು ಬರಬಾರದು. ಬ್ಲೇಡಿನ ನೇರಕ್ಕೆ ಯಾರೂ ನಿಲ್ಲದೆ ಓಡಿಸಿ. ಮರ ಇಲ್ಲದೆ ಅರ್ಧ ಗಂಟೆ ಓಡಿಸಿ ನಿಲ್ಲಿಸಿ, ಬೇರಿಂಗಿನ ಪೆಟ್ಟಿಗೆ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಸುಟ್ಟರೆ ಗ್ರೀಸು ಹೆಚ್ಚಾಗಿದೆ, ಬೆಲ್ಟು ಅತಿ ಬಿಗಿಯಾಗಿದೆ, ಇಲ್ಲವೇ ಎರಡು ಬೇರಿಂಗುಗಳ ನೇರ ತಪ್ಪಿದೆ. ಬ್ಲೇಡಿನ ಕಡೆಯ ಬೇರಿಂಗಿನ ಕಾವು ಬ್ಲೇಡಿನ ಮಧ್ಯಕ್ಕೂ ಏರಿ ಅದನ್ನು ಉಬ್ಬಿಸುವುದರಿಂದ ಇದನ್ನು ಹಾಗೇ ಬಿಡಬಾರದು.

ಆಮೇಲೆ 50 ಮಿ.ಮೀ. ದಪ್ಪದ, ಗಂಟಿಲ್ಲದ ಒಣ ಹಲಗೆ ಕೊಯ್ದು ಎರಡೂ ಮುಖ ನೋಡಿ. ಬ್ಲೇಡು ಹಲಗೆಗಿಂತ 5–10 ಮಿ.ಮೀ. ಮೇಲೆ, ಹಲ್ಲಿನ ಸಂದು ಮರದಿಂದ ಹೊರಗೆ ಕಾಣುವಷ್ಟು ಇರಲಿ, ಪುಡಿ ಅಲ್ಲೇ ಉದುರುತ್ತದೆ. ಫೆನ್ಸಿನ ಬದಿಯ ಮುಖ ಮಾತ್ರ ಕರಕಲಾದರೆ ಫೆನ್ಸಿನ ಹಿಂಬದಿ ಒಳಕ್ಕೆ ಬಂದಿದೆ. ಎರಡೂ ಮುಖ ಕರಕಲಾದರೆ ಹಲ್ಲು ಮೊಂಡು, ಇಲ್ಲವೇ ತಳ್ಳುವುದು ತೀರಾ ನಿಧಾನ. ಕಮಾನಿನ ಗೀರು ಸಮನಾದ ಅಂತರದಲ್ಲಿ ಮತ್ತೆ ಮತ್ತೆ ಕಂಡರೆ ಒಂದು ಹಲ್ಲು ಹೊರಚಾಚಿದೆ ಅಥವಾ ಬ್ಲೇಡು ಓಲಾಡುತ್ತಿದೆ. ಡಯಲ್ ಗೇಜು ಮತ್ತೆ ತೆಗೆಯಿರಿ. ಹೊಸ ಬೆಲ್ಟುಗಳು ಮೊದಲ ದಿನದ ಕೆಲಸದಲ್ಲೇ ಹಿಗ್ಗುತ್ತವೆ. ಮಾರನೆಯ ದಿನ ಓಡಿಸುವ ಮೊದಲು ಬೆಲ್ಟಿನ ಬಿಗಿತ, ಬೇರಿಂಗಿನ ಬೋಲ್ಟು, ನೈಫಿನ ಎರಡು ಬೋಲ್ಟು ಇಷ್ಟನ್ನೂ ಸ್ಪ್ಯಾನರ್ ಹಿಡಿದು ಇನ್ನೊಮ್ಮೆ ನೋಡಿ.